ಆಕೆ ಊರೊಳಗೆ ಯಾಕೆ ಹೋದಳು

…ಅಥವಾ ಅವರು ಅಳಲೇ ಇಲ್ಲವೇನೋ. ಹೆಂಡತಿಯ ಸಾವನ್ನು ಹೇಳುವಾಗ ಆ ರಟ್ಟು ಕಟ್ಟುವ ಹಿರಿಯರ ಕಣ್ಣು ತುಂಬಿ ಬಂದಿತ್ತು ಎಂದು ಇಷ್ಟು ವರ್ಷ ನಾನು ಹೇಳಿಕೊಂಡು ಬಂದಿದ್ದೇನೆ. ಈಗ ಬರೆಯಲು ಕೂತರೆ ಕಾಣುವುದು ಅಂಟು ಮೆತ್ತಿದ ಎರಡು ಕೈಗಳು ಮಾತ್ರ. ಮುಖ ಕಾಣುವುದಿಲ್ಲ. ಕಣ್ಣೀರನ್ನು ಆಮೇಲೆ ನಾನೇ ಸೇರಿಸಿರಬೇಕು. ನನಗೆ ಆ ಚಟವಿತ್ತು. ಇನ್ನೂ ಇದೆ.

ಖಚಿತವಾಗಿ ಗೊತ್ತಿರುವುದನ್ನು ಮೊದಲು ಹೇಳಿಬಿಡುತ್ತೇನೆ. ಮೂವತ್ತರ ದಶಕದಲ್ಲಿ ನಾನು ಹುಬ್ಬಳ್ಳಿಯ ರೈಲ್ವೆ ಕಚೇರಿಯಲ್ಲಿ ಕಾರಕೂನನಾಗಿದ್ದೆ. ವ್ಯಾಗನ್ನುಗಳ ನಂಬರನ್ನು ಒಂದು ರಿಜಿಸ್ಟರಿನಿಂದ ಇನ್ನೊಂದಕ್ಕೆ ಇಳಿಸುವುದು ನನ್ನ ಕೆಲಸ. ಅದರಲ್ಲಿ ಜೀವ ಒಣಗುತ್ತಿತ್ತು. ನಾವು ನಾಲ್ವರು ಗೆಳೆಯರು ಸೇರಿ ಕೈಬರಹದ ಒಂದು ಮಾಸಪತ್ರಿಕೆ ಹೊರಡಿಸುತ್ತಿದ್ದೆವು. ತಿಂಗಳಿಗೆ ಒಂದೇ ಪ್ರತಿ. ನಾನು ಅದನ್ನು ಶುದ್ಧವಾಗಿ ನಕಲು ಮಾಡಿ, ಸೈಕಲ್ಲಿಗೆ ಕಟ್ಟಿಕೊಂಡು ಮನೆಯಿಂದ ಮನೆಗೆ ಒಯ್ಯುತ್ತಿದ್ದೆ. ಒಂದು ಮನೆಯಲ್ಲಿ ಎರಡು ದಿನ. ಆಮೇಲೆ ಮುಂದಿನ ಮನೆ. ಓದಿದವರು ತಮ್ಮ ಅಭಿಪ್ರಾಯ ಬರೆಯಲೆಂದು ಕೊನೆಗೆ ನಾಲ್ಕು ಹಾಳೆ ಖಾಲಿ ಬಿಡುತ್ತಿದ್ದೆವು. ಯಾರೂ ಮಾಡೆಂದು ಹೇಳಿದ ಕೆಲಸವಲ್ಲ. ಆದರೆ ಒಂದು ಮನೆಯ ಬಾಗಿಲಲ್ಲಿ ಯಾರೋ ಸೆರಗಿಗೆ ಕೈ ಒರೆಸಿಕೊಂಡು ಆ ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಾಗ, ನಾನೂ ಒಬ್ಬ ಮನುಷ್ಯ ಅನ್ನಿಸುತ್ತಿತ್ತು. ಅಂಥ ತೃಪ್ತಿ ನನಗೆ ಆಮೇಲೆ ಸಿಕ್ಕಿಲ್ಲ.

ಪತ್ರಿಕೆಗೆ ರಟ್ಟು ಕಟ್ಟಿಕೊಡುತ್ತಿದ್ದವರು ಪೇಟೆಯ ಓಣಿಯಲ್ಲಿ ಬೈಂಡಿಂಗ್ ಅಂಗಡಿ ಇಟ್ಟಿದ್ದ ಒಬ್ಬ ಮುಸಲ್ಮಾನ ಹಿರಿಯರು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಅವರಿಗೆ ಉರ್ದು ಓದಲು ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಹಾಳೆ ತಲೆಕೆಳಗಾಗದಿರಲೆಂದು ನಾನು ಮೇಲಿನ ಮೂಲೆಗೆ ಪೆನ್ಸಿಲಿನಿಂದ ಗುರುತು ಹಾಕಿ ಕೊಡುತ್ತಿದ್ದೆ. ಅವರು ಮಜೂರಿ ಮುಟ್ಟುತ್ತಿರಲಿಲ್ಲ.

"ಬರದದ್ದಕ್ಕ ನಿಮಗ ಯಾರರ ಪಗಾರ ಕೊಡ್ತಾರೇನ್ರಿ, ರಾಯರ?" ಎಂದರು ಒಮ್ಮೆ.

"ಇಲ್ಲ ಚಾಚಾ."

"ಮತ್ತ ನನಗ್ಯಾಕ? ಇಷ್ಟು ಮಂದಿ ಹುಚ್ಚರಾಗ ನಾನೊಬ್ಬ ಇರ್ಲಿ ಬಿಡ್ರಿ."

ಒಂದು ದಿನ ದಬ್ಬಣಕ್ಕೆ ದಾರ ಪೋಣಿಸುತ್ತ ತಾವೇ ಮಾತು ತೆಗೆದರು. "ಎಲ್ಲಾರ ಮಾತೂ ಹೊಲದೇನಿ ರಾಯರ. ಒಂದು ಸಲ ನಮ್ಮ ಮನಿಯಾಕಿದು ಹೊಲೀಬೇಕಂತ ಭಾಳ ಮನಸ್ಸೈತಿ. ನಾ ಹೇಳ್ತೇನಿ, ನೀವು ಬರೀರಿ."

"ಎಷ್ಟು ಹಾಳಿ ಆಗಬಹುದು?"

"ಎರಡು ಸಾಕು. ಆಕಿ ಭಾಳ ಮಾತಾಡೋಕಿ ಅಲ್ಲ."

ಅವರು ಹೇಳಿದರು, ನಾನು ಬರೆದುಕೊಂಡೆ. ಪ್ಲೇಗಿನ ವರ್ಷ. ಇಲಿ ಸತ್ತು ಬೀಳತೊಡಗಿದ ಮೇಲೆ ಓಣಿಗೆ ಓಣಿಯೇ ಖಾಲಿಯಾಗಿ, ಇವರು ಗಬ್ಬೂರಿನ ಕಡೆ ಹೊಲದಲ್ಲಿ ತಟ್ಟಿಯ ಗುಡಿಸಲು ಹಾಕಿಕೊಂಡಿದ್ದರು. ತಿಂಗಳು ಕಳೆದರೂ ಎಲ್ಲರೂ ಗಟ್ಟಿಮುಟ್ಟಾಗಿದ್ದರು. ಒಂದು ಮುಂಜಾನೆ ಹೆಂಡತಿ ಯಾರಿಗೂ ಹೇಳದೆ ಊರೊಳಗೆ ಹೋಗಿ, ಕೀಲಿ ಹಾಕಿದ ತಮ್ಮ ಮನೆ ತೆಗೆದು, ಸಂಜೆಗೆ ತಿರುಗಿ ಬಂದಳು. ಮೂರನೆಯ ದಿನ ಜ್ವರ, ಕಂಕುಳಲ್ಲಿ ಗಂಟು. ಆ ವಾರದಲ್ಲೇ ಹೋದಳು. ಊರೊಳಗೆ ಯಾಕೆ ಹೋಗಿದ್ದಳೆಂಬುದನ್ನು ಅವಳು ಜ್ವರದಲ್ಲಿ ಗಂಡನಿಗೆ ಹೇಳಿದ್ದಳು. ಅವರು ಅದನ್ನು ನನಗೆ ಸಾವಕಾಶವಾಗಿ, ಎಲ್ಲಕ್ಕಿಂತ ಹೆಚ್ಚು ಹೊತ್ತು ಹೇಳಿದರು.

ಆಗ ನನಗೆ ಹೊಸ ರೀತಿಯಲ್ಲಿ ಬರೆಯುವ ಹುಚ್ಚು. ಕಾರಣ ಹೇಳುವುದು ಹಳೆಯವರ ಪದ್ಧತಿ ಎಂದು ನಂಬಿದ್ದೆ. ಅವರ ಮಾತನ್ನೆಲ್ಲ ಒಡೆದು, ತುಂಡು ತುಂಡಾಗಿ ಜೋಡಿಸಿ, ಕೊನೆಗೆ ಹೀಗೆ ನಿಲ್ಲಿಸಿದೆ: "ಬೆಳಿಗ್ಗೆ ಎದ್ದಳು. ಊರಿನ ಕಡೆ ನಡೆದಳು. ಸಂಜೆ ಬಂದಳು." ಅಷ್ಟೇ. ಬರೆದುಕೊಂಡಿದ್ದ ಕಚ್ಚಾ ಹಾಳೆಗಳನ್ನು ಹಂಡೆಯ ಒಲೆಗೆ ಹಾಕಿದೆ. ನಮ್ಮ ಗುಂಪಿನ ಮಾಸ್ತರನಂತೂ ಓದಿ ನನ್ನ ಬೆನ್ನಿಗೆ ಗುದ್ದಿದ. "ಏನ್ ಬರದೀಯಲೇ! ಅಲ್ಲಿಗೆ ನಿಲ್ಲಿಸಿದಿ ನೋಡು, ಜೀವ ಇರೋದಽ ಅಲ್ಲಿ."

ಹೊಲಿಗೆ ಮುಗಿದ ದಿನ ಚಾಚಾ ಓದಿ ಹೇಳಿ ಎಂದರು. ಓದಿದೆ.

"ಮುಂದ?"

"ಮುಗೀತು ಚಾಚಾ."

"ಯಾಕ ಹೋದಳನ್ನೋದು?"

"ಅದನ್ನ ಬಿಟ್ಟೇನಿ. ಓದೋರು ತಾವಽ ತಿಳ್ಕೋಬೇಕು."

"ಅವರಿಗೆ ಹ್ಯಾಂಗ ತಿಳೀಬೇಕ್ರಿ? ಅವರೇನು ಆ ಗುಡಿಸಲದಾಗ ಇದ್ದರೇನು?" ದಬ್ಬಣ ಕೆಳಗಿಟ್ಟರು. "ಕಾರಣ ಇಲ್ದ ಸಾಯಾಕ ಹೋದ ಹುಚ್ಚಿ ಆದಳಲ್ರಿ ಆಕಿ. ಇನ್ನೊಂದು ಹಾಳಿ ಹಾಕ್ತೇನಿ, ಬರದು ಕೊಡ್ರಿ. ಹೊಲಿಗಿ ಬಿಚ್ಚಾಕ ನನಗೇನು ತ್ರಾಸಿಲ್ಲ."

"ಮುಂದಿನ ತಿಂಗಳು ನೋಡೂಣು ಚಾಚಾ" ಎಂದೆ. ಬರೆಯುವ ಮನಸ್ಸಿರಲಿಲ್ಲ. ಆ ಕೊನೆ ನನಗೆ ಅಷ್ಟು ಇಷ್ಟವಾಗಿತ್ತು.

ಮರುದಿನ ಸಂಚಿಕೆ ತರಲು ಹೋದಾಗ ಅವರು ಅಂಗಡಿಯಲ್ಲಿರಲಿಲ್ಲ. ಪಕ್ಕದವರ ಕೈಯಲ್ಲಿ ಕೊಟ್ಟು ಹೋಗಿದ್ದರು. ಮನೆಗೆ ಬಂದು ತೆರೆದೆ. ನನ್ನ ಎರಡು ಹಾಳೆಗಳಾದ ಮೇಲೆ ಒಂದು ಖಾಲಿ ಹಾಳೆ ಹೊಲಿದಿತ್ತು. ಅದರ ಮೂಲೆಗೆ, ನಾನು ಹಾಕುತ್ತಿದ್ದಂಥದೇ ಪೆನ್ಸಿಲಿನ ಗುರುತು.

ನಾನು ಅದರಲ್ಲಿ ಏನೂ ಬರೆಯಲಿಲ್ಲ. ಹಾಗೇ ಮನೆಮನೆಗೆ ಒಯ್ದೆ. ಓದಿದವರು ಆ ಖಾಲಿ ಹಾಳೆಯೂ ನನ್ನದೇ ಪ್ರಯೋಗವೆಂದು ತಿಳಿದರು. ಸಾವನ್ನು ಹೀಗೆ ಯಾರೂ ತೋರಿಸಿಲ್ಲ ಎಂದು ಒಬ್ಬರು ಬರೆದರು. ನಾನು ಅಲ್ಲವೆನ್ನಲಿಲ್ಲ. ಅರಳೆಯ ವ್ಯಾಪಾರದ ಒಂದು ಲಿಂಗಾಯತರ ಮನೆಯ ಹೆಣ್ಣುಮಗಳೊಬ್ಬಳು ಮಾತ್ರ "ಆಕೆ ಹೋದದ್ದು ಯಾತಕ್ಕೆ? ಹೇಳದೆ ಬಿಟ್ಟದ್ದು ಸರಿಯಲ್ಲ" ಎಂದು ಬರೆದಿದ್ದಳು. "ಅಕ್ಕಾರಿಗೆ ಕಥಿ ಅಂದ್ರ ಕಡೀಕ ಮಂಗಳಾರತಿ ಬೇಕು" ಎಂದು ಮಾಸ್ತರ ನಕ್ಕ. ನಾನೂ ನಕ್ಕೆ. ನಕ್ಕದ್ದು ಸರಿಯಾಗಿ ನೆನಪಿದೆ.

ಚಾಚಾ ಆಮೇಲೂ ನಮ್ಮ ಸಂಚಿಕೆಗಳನ್ನು ಕಟ್ಟಿಕೊಟ್ಟರು. ಮೂರೋ ನಾಲ್ಕೋ. ಮಾತು ಮಾತ್ರ ಕಡಿಮೆಯಾಯಿತು, ಅಥವಾ ನಾನೇ ಬೇಗ ಬೇಗ ಎದ್ದು ಬರುತ್ತಿದ್ದೆ. ಮಾಸ್ತರನಿಗೆ ವರ್ಗವಾಗಿ ಪತ್ರಿಕೆ ನಿಂತಿತು.

ಕೆಲವು ವರ್ಷಗಳ ಮೇಲೆ ನನ್ನ ತಾಯಿ ತೀರಿಕೊಂಡಳು. ಮಾತಾಡಿಸಲು ಬಂದವರಿಗೆಲ್ಲ ನಾನು ಹೇಳಿದ್ದನ್ನೇ ಹೇಳುತ್ತಿದ್ದೆ: ಮುಂಜಾನೆ ಮಜ್ಜಿಗೆ ಕೇಳಿದಳು, ನಾನು ಪಕ್ಕದ ಮನೆಗೆ ಹೋಗಿ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಮಜ್ಜಿಗೆಯ ಮಾತನ್ನು ಬಿಟ್ಟು ಅದನ್ನು ಹೇಳಲು ನನ್ನಿಂದ ಒಂದು ಸಲವೂ ಆಗಲಿಲ್ಲ. ಹದಿಮೂರನೆಯ ದಿನ ಮುಗಿದ ಮೇಲೆ, ಚಾಚಾ ಹೇಳಿದ್ದನ್ನು ಇನ್ನೊಮ್ಮೆ ಕೇಳಿ ಖಾಲಿ ಹಾಳೆಯಲ್ಲಿ ಬರೆಯಲೆಂದು ಆ ಸಂಚಿಕೆಯನ್ನೂ ಪೆನ್ನನ್ನೂ ತೆಗೆದುಕೊಂಡು ಓಣಿಗೆ ಹೋದೆ. ಅಂಗಡಿಯಲ್ಲಿ ಒಬ್ಬ ಡಬ್ಬಿ ಬೆಸೆಯುವವ ಕೂತಿದ್ದ. ಚಾಚಾ ಸುಳ್ಳ ಎಂಬ ಹಳ್ಳಿಯಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡು ವರ್ಷವಾಗಿತ್ತು.

ಸುಳ್ಳಕ್ಕೂ ಹೋದೆ. ಮಗಳು ಬಾಗಿಲ ಹಿಂದೆ ನಿಂತು ಮಾತಾಡಿದಳು. ತಾಯಿ ಸತ್ತಾಗ ಅವಳಿಗೆ ಮೂರು ವರ್ಷ.

"ಅಬ್ಬಾ ನಮ್ಮ ಮುಂದ ಎಂದೂ ಆ ಮಾತು ತಗೀಲಿಲ್ರಿ. ನಿಮ್ಮ ಮುಂದ ಹೇಳಿದ್ರೇನ್ರಿ?"

"ಹೇಳಿದ್ರು."

"ಏನಂದ್ರು? ಅಮ್ಮಾ ಯಾಕ ಹೋಗಿದ್ಲಂತ?"

ಮರೆತಿದ್ದೇನೆ ಎಂದೆ. ಅವಳು ನಂಬಲಿಲ್ಲ. "ಕೆಟ್ಟದ್ದಿದ್ರೂ ಹೇಳ್ರಿ ರಾಯರ, ನಾ ಏನೂ ಅನ್ನೂದಿಲ್ಲ" ಎಂದಳು. ಕೆಟ್ಟದ್ದಲ್ಲ ಎಂದೆ. ಅದಾದರೂ ನಿಜವೋ ಅಲ್ಲವೋ, ಹೇಳಲಾರೆ.

ಕೋಳಿಯೊಂದನ್ನು ಬಿಟ್ಟು ಬಂದಿದ್ದಳೆಂದು ಬರೆದು ನೋಡಿದ್ದೇನೆ. ಗಂಡನ ದಬ್ಬಣ ತರಲು ಹೋದಳೆಂದು ಬರೆದು ನೋಡಿದ್ದೇನೆ. ಮಗುವಿನ ಅಂಗಿ, ನಡೆಯಲಾಗದೆ ಉಳಿದುಹೋದ ನೆರೆಮನೆಯ ಮುದುಕಿ. ಎಲ್ಲವೂ ಚೆನ್ನಾಗಿ ಹೊಂದುತ್ತವೆ. ಅದಕ್ಕೇ ಒಂದನ್ನೂ ನಂಬಲಾರೆ. ಅವರು ಹೇಳಿದ್ದರು, ನಾನು ಎದುರಿಗೇ ಕೂತು ಕೇಳಿ ನನ್ನ ಕೈಯಿಂದ ಬರೆದುಕೊಂಡಿದ್ದೆ. ಆಕೆ ಊರೊಳಗೆ ಯಾಕೆ ಹೋದಳೋ ನನಗೆ ಗೊತ್ತಿಲ್ಲ.