ಮಾತು ಮರೆಯಬೇಕಾದ ಗಿಳಿಗಳು

ಅತ್ತೆ ತೀರಿಕೊಂಡ ಮೇಲೂ ನನ್ನನ್ನು ಕರೆಯುವುದನ್ನು ಬಿಡಲಿಲ್ಲ. ಸುಮ್ಮನೆ ಹೇಳುತ್ತಿಲ್ಲ. ಸಂಜೆ ಚಹಾದ ಹೊತ್ತಿಗೆ ಅವರ ಖೋಲಿಯಿಂದ ಮೊದಲು ಒಂದು ಒಣ ಕೆಮ್ಮು, ಆಮೇಲೆ, "ಏ, ಬಾ ಇಲ್ಲೆ." ಹೋಗಿ ನೋಡಿದರೆ ಖಾಲಿ ಮಂಚ, ಕಿಟಕಿಗೆ ತೂಗುಹಾಕಿದ ಪಂಜರ, ಅದರೊಳಗೆ ಹೆಗಲ ಮೇಲೆ ಕೆಂಪು ಮಚ್ಚೆಯಿದ್ದ ಅವರ ದೊಡ್ಡ ಗಿಳಿ. ಪುಣೆಯಲ್ಲಿ ಇದಕ್ಕೆ ಪಹಾಡಿ ಪೋಪಟ ಎನ್ನುತ್ತಾರೆ. ಹಾಸಿಗೆ ಹಿಡಿದಿದ್ದ ವರ್ಷಗಳಲ್ಲಿ ಅತ್ತೆಗೆ ಅದೊಂದೇ ಜೊತೆಯಾಗಿತ್ತು.

ಅತ್ತೆ ಬದುಕಿದ್ದಾಗ ಆ ಕರೆಗೆ ಓಗೊಟ್ಟು ಓಗೊಟ್ಟು ನನಗೆ ಸಾಕಾಗಿತ್ತು. ಈಗ ಹಕ್ಕಿಯ ಬಾಯಲ್ಲಿ ಅದೇ ದನಿ, ಅದೇ ಗತ್ತು. ನನ್ನ ಗಂಡನಂತೂ ಚಹಾದ ಕಪ್ಪು ಹಿಡಿದು ಪಂಜರದ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಜೀವಂತ ಹೆಂಡತಿ ನಾಲ್ಕು ಸಲ ಕರೆದರೂ ಕಿವಿಗೆ ಹಾಕಿಕೊಳ್ಳದ ಮಹಾರಾಯ, ಗಿಳಿ ಕೆಮ್ಮಿದರೆ ಕಣ್ಣು ಒರೆಸಿಕೊಳ್ಳುತ್ತಿದ್ದ. ನನಗೆ ಸಿಟ್ಟೂ ಬರುತ್ತಿತ್ತು, ಪಾಪ ಅಂತಲೂ ಅನಿಸುತ್ತಿತ್ತು.

ಪುಣೆಯ ಧನಕವಡಿಯಲ್ಲಿನ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಗೆ ಒಮ್ಮೆ ಗಿಳಿಗಳನ್ನು ಕಾಪಾಡುವ ಕೇಂದ್ರದವರು ಬಂದರು. ಈ ಜಾತಿಯ ಮರಿಗಳನ್ನು ಕಣ್ಣು ಬಿಡುವ ಮೊದಲೇ ಮರದ ಪೊಟರೆಯಿಂದ ಕಿತ್ತು ತಂದು ಮಾರುತ್ತಾರೆ, ಹಾಗಾಗಿ ಕಾಡಿನಲ್ಲಿ ಇವು ಕಡಿಮೆಯಾಗುತ್ತಿವೆ, ಮನೆಯಲ್ಲಿ ಸಾಕುವುದು ಕಾನೂನಿಗೂ ವಿರುದ್ಧ ಎಂದರು. ಆ ಸಂಜೆ ಗಂಡನಿಗೆ ಹೇಳಿದೆ, ಗಿಳಿಯನ್ನು ಕೊಟ್ಟುಬಿಡೋಣ ಅಂತ. ಎದ್ದು ಹೋಗಿ ಪಂಜರದ ಬಟ್ಟಲಿಗೆ ನೀರು ತುಂಬಿದ.

"ಹಾರಿ ಬಿಡ್ತಾರ ಅಂದ್ರ ಕೊಡು," ಅಂದ ಕೊನೆಗೆ. "ಮತ್ತೊಂದು ಪಂಜರದಾಗ ಇಡೂದಾದ್ರ ಬ್ಯಾಡ. ಅವ್ವನ ದನಿ ಬಿಟ್ಟುಕೊಡೂದಕ್ಕ ಅಷ್ಟಾದ್ರೂ ಆಗಬೇಕು."

"ಹಾರಿಸೇ ಹಾರಿಸ್ತಾರ. ಮಾತು ಕೊಡ್ತೀನ್ರಿ," ಅಂದೆ.

ಕೇಂದ್ರ ಇದ್ದದ್ದು ಕಾತ್ರಜ್ ಘಾಟಿನ ಆಚೆ, ಒಂದು ಗುಡ್ಡದ ಬುಡದಲ್ಲಿ. ಕೊಟ್ಟ ಮಾತಿಗಾಗಿ ನಾನೂ ಭಾನುವಾರಗಳಂದು ಅಲ್ಲಿಗೆ ಸೇವೆಗೆ ಹೋಗತೊಡಗಿದೆ. ಪೇರಲ ಹೆಚ್ಚುವುದು, ಶೇಂಗಾ ಬಳ್ಳಿಗಳನ್ನು ಎತ್ತರಕ್ಕೆ ಕಟ್ಟುವುದು, ನೆಲ ತೊಳೆಯುವುದು. ನಮ್ಮ ಗಿಳಿಯನ್ನು ಇತರ ಗಿಳಿಗಳ ಜೊತೆ ಒಂದು ದೊಡ್ಡ ಜಾಳಿಯೊಳಗೆ, ಅಂದರೆ ತಂತಿಬಲೆಯ ಕೋಣೆಯೊಳಗೆ, ಬಿಟ್ಟಿದ್ದರು. ಅಲ್ಲಿ ಒಂದು ನಿಯಮವಿತ್ತು: ಎರಡನೆಯ ಬಾಗಿಲು ದಾಟಿದ ಮೇಲೆ ಯಾರೂ ತುಟಿ ಬಿಚ್ಚಬಾರದು. ಮಣ್ಣುಬಣ್ಣದ ಬಟ್ಟೆ ತೊಟ್ಟು, ಮುಖ ಮುಚ್ಚಿಕೊಂಡು ಒಳಗೆ ಹೋಗಬೇಕು.

"ಮನುಷ್ಯರ ಮಾತು ಆಡುವ ಗಿಳಿ ಮನುಷ್ಯರ ಕಿಟಕಿ ಹುಡುಕಿಕೊಂಡೇ ಹೋಗುತ್ತದೆ, ಮತ್ತೆ ಸಿಕ್ಕಿಬೀಳುತ್ತದೆ. ಉತ್ತರ ಕೊಡುವವರು ಇಲ್ಲದಿದ್ದರೆ ಮಾತು ತಾನಾಗಿ ಸಾಯುತ್ತದೆ ತಾಈ," ಎಂದು ಅಲ್ಲಿನ ಡಾಕ್ಟರ್ ಮರಾಠಿಯಲ್ಲಿ ತಿಳಿಸಿ ಹೇಳಿದ್ದಳು. ನನ್ನ ಮಗಳ ವಯಸ್ಸಿನವಳಾದರೂ ನನ್ನನ್ನು ತಾಈ, ಅಂದರೆ ಅಕ್ಕ, ಎನ್ನುತ್ತಿದ್ದಳು. ಕಟ್ಟುನಿಟ್ಟಿನವಳು. ಮಾತು ಬಿಡದ ಗಿಳಿಗೆ ಅಲ್ಲಿ ಬಿಡುಗಡೆಯಿಲ್ಲ.

ಮಳೆಗಾಲ ಮುಗಿಯುತ್ತ ಬಂದಾಗ ಡಾಕ್ಟರ್ ನಗುತ್ತ ಹೇಳಿದಳು, ನಮ್ಮ ಗಿಳಿಯ ಜಾಳಿಯಲ್ಲಿದ್ದ ಹಕ್ಕಿಗಳೆಲ್ಲ ಮಾತು ಮರೆತಿವೆ, ಒಂದೂ ಮಿಠ್ಠೂ ಅನ್ನುವುದಿಲ್ಲ, ವಿಠ್ಠಲ ಅನ್ನುವುದಿಲ್ಲ, ಇನ್ನು ಬಿಡಬಹುದು ಅಂತ. ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು.

ಅದೇ ಮಧ್ಯಾಹ್ನ ನಾನೊಬ್ಬಳೇ ಜಾಳಿಯೊಳಗೆ ನೆಲ ತಿಕ್ಕುತ್ತಿದ್ದೆ. ಮೋಡ ಕವಿದಿತ್ತು. ಹಕ್ಕಿಗಳೆಲ್ಲ ಒಮ್ಮೆಲೇ ಸುಮ್ಮನಾದವು. ಮೂಲೆಯ ಕೊಂಬೆಯಿಂದ ಒಂದು ಒಣ ಕೆಮ್ಮು ಕೇಳಿಸಿತು.

"ಏ, ಬಾ ಇಲ್ಲೆ."

ನಮ್ಮ ಗಿಳಿಯಲ್ಲ, ಬಾಲ ಮುರಿದ ಇನ್ನೊಂದು ಗಿಳಿ. ಅದು ನಮ್ಮ ಮನೆ ಕಂಡದ್ದಲ್ಲ, ಅತ್ತೆಯನ್ನು ಕಂಡದ್ದಲ್ಲ. ಅದರ ಹಿಂದೆಯೇ ಬಾಗಿಲ ಹತ್ತಿರದ್ದು ಕೆಮ್ಮಿತು. "ಏ, ಬಾ ಇಲ್ಲೆ." ಆಮೇಲೆ ನನ್ನ ನೆತ್ತಿಯ ಮೇಲಿಂದ ನಮ್ಮ ಗಿಳಿ ಓಗೊಟ್ಟಿತು.

"ಬಂದ್ನಿರಿ ಅತ್ತಿ, ಬಂದ್ನಿ."

ಅದು ನನ್ನ ದನಿ. ಕೈತುಂಬ ಕೆಲಸವಿದ್ದಾಗ ಅಡಿಗೆಮನೆಯಿಂದ ಕೂಗುತ್ತಿದ್ದ, ಬೇಸರವನ್ನು ಅರ್ಧ ನುಂಗಿದ ನನ್ನದೇ ದನಿ. ಕಸಬರಿಗೆ ಅಲ್ಲೇ ಬಿಟ್ಟು ಹೊರಗೆ ಓಡಿಬಂದೆ.

ಅಲ್ಲಿದ್ದವರೆಲ್ಲ ಮರಾಠಿಯವರು. ಮರಾಠಿ, ಹಿಂದಿ ಮಾತಿಗೆ ಕಿವಿಗೊಟ್ಟು ಕೂತಿದ್ದರು. ನಮ್ಮ ಕನ್ನಡ ಅವರಿಗೆ ಹಕ್ಕಿಯ ಗಲಗಲವೇ ಆಗಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಎಲ್ಲವೂ ಹಾರಿಹೋಗುತ್ತಿದ್ದವು. ಆದರೆ ಯಾರದೋ ಕಿಟಕಿಯಲ್ಲಿ ಕೂತು ಅತ್ತೆಯ ದನಿಯಲ್ಲಿ ಕರೆದು ಮತ್ತೆ ಪಂಜರ ಸೇರಿದರೆ? ಡಾಕ್ಟರಿಗೆ ಹೇಳಿಬಿಟ್ಟೆ.

ಅವಳ ಮುಖ ಬಾಡಿತು. "ಉತ್ತರ ಕೊಡುತ್ತಿರುವುದು ನಿಮ್ಮದೊಂದೇ. ಅದನ್ನು ಬೇರೆ ಇಟ್ಟರೆ ಉಳಿದವು ಮರೆಯುತ್ತವೆ," ಅಂದಳು.

"ಹಾಗಾದರೆ ನಮ್ಮದು?"

"ಅದು ಇಲ್ಲೇ ಇರುತ್ತದೆ ತಾಈ. ಕೊನೆಯವರೆಗೆ."

ಮನೆಯಲ್ಲಿ ಗಂಡ ಕೇಳಿದಾಗ, "ಇನ್ನೂ ಟೈಮ್ ಅದ ರೀ," ಎಂದಷ್ಟೇ ಹೇಳಿದೆ.

ನಮ್ಮ ಗಿಳಿಯನ್ನು ಶೆಡ್ಡಿನ ಹಿಂದಿನ ಸಣ್ಣ ಜಾಳಿಗೆ ಹಾಕಿದರು. ಉಳಿದವು ಕೆಲವು ವಾರ ಕೆಮ್ಮಿದವು, ಕರೆದವು, ಉತ್ತರ ಸಿಗದೆ ನಿಂತುಬಿಟ್ಟವು. ಭಾನುವಾರಗಳಂದು ಜಾಳಿಯ ಹೊರಗೆ ನಿಂತು ಕಿವಿಗೊಟ್ಟು ಕೇಳಿದೆ. ಹಕ್ಕಿಗಳ ಕಿರುಚಾಟ ಬಿಟ್ಟರೆ ಏನೂ ಇರಲಿಲ್ಲ.

ಬಿಡುಗಡೆಯ ಬೆಳಿಗ್ಗೆ ಮಂಜು ಗುಡ್ಡದಿಂದ ಇಳಿದು ಜಾಳಿಯ ತನಕ ಬಂದಿತ್ತು. ಡಾಕ್ಟರ್ ಮೇಲಿನ ಬಾಗಿಲು ತೆರೆದಳು. ಹಕ್ಕಿಗಳು ಒಂದೊಂದಾಗಿ ಹೊರಬಿದ್ದು ಮಂಜಿನೊಳಗೆ, ಕಾಣದ ಆಲದ ಮರದ ಕಡೆಗೆ ಹೋದವು. ನಾವು ಬಾಯಿ ಬಿಗಿಹಿಡಿದು ನಿಂತಿದ್ದೆವು. ಆಗ ಮಂಜಿನೊಳಗಿಂದ ಕೆಮ್ಮು ಬಂತು.

"ಏ, ಬಾ ಇಲ್ಲೆ."

ಶೆಡ್ಡಿನ ಹಿಂದಿನಿಂದ ಕೂಡಲೇ ನನ್ನ ದನಿ. "ಬಂದ್ನಿರಿ ಅತ್ತಿ, ಬಂದ್ನಿ." ಜೊತೆಗೆ ರೆಕ್ಕೆ ತಂತಿಗೆ ಬಡಿಯುವ ಸದ್ದು.

ಡಾಕ್ಟರ್ ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದಳು. "ಏನನ್ನುತ್ತಿವೆ?"

"ಅವು ಬಾ ಅಂತ ಕರೆಯುತ್ತಿವೆ. ಇದು ಬಂದೆ ಅನ್ನುತ್ತಿದೆ. ಇನ್ನೂ ಏನು ನೋಡುತ್ತೀಯ? ಇದು ಹೋಗುವುದು ಮನುಷ್ಯರ ಹತ್ತಿರಕ್ಕಲ್ಲ, ಅವುಗಳ ಹತ್ತಿರಕ್ಕೆ," ಎಂದೆ.

ಅವಳು ಗುಡ್ಡದ ಕಡೆ ಒಮ್ಮೆ ನೋಡಿದಳು. ಮತ್ತೆ ಕರೆ ಬಂತು. ಬೀಗದ ಕೈ ತೆಗೆದು ನನಗೇ ಕೊಟ್ಟಳು.

ಶೆಡ್ಡಿನ ಹಿಂದೆ ಹೋಗಿ ಸಣ್ಣ ಜಾಳಿಯ ಬಾಗಿಲು ತೆರೆದೆ. ಗಿಳಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕಿವಿಯ ಪಕ್ಕದಲ್ಲೇ ಹಾದು ಮಂಜಿನೊಳಗೆ ಹೋಯಿತು. ಮರದಲ್ಲಿ ದೊಡ್ಡ ಗದ್ದಲವೆದ್ದು ಆಮೇಲೆ ಎಲ್ಲ ತಣ್ಣಗಾಯಿತು. ಗಂಡನಿಗೆ ಕೊಟ್ಟ ಮಾತು ಉಳಿಯಿತು ಅಂತ ಕಣ್ಣು ತುಂಬಿಬಂತು.

ಆಗ ಅದೇ ಒಣ ಕೆಮ್ಮು ಇನ್ನೊಮ್ಮೆ ಕೇಳಿಸಿತು. ನಿಧಾನವಾಗಿ, ಹತ್ತಿರದಿಂದ.

"ಏ, ಬಾ ಇಲ್ಲೆ."

ಗಿಳಿಗಳೆಲ್ಲ ಮರದಲ್ಲೇ ಇದ್ದವು. ಕರೆಯಬೇಕಾದ ಗಿಳಿ ಇನ್ನೊಂದು ಉಳಿದಿರಲಿಲ್ಲ, ಉಳಿದವಳು ನಾನೊಬ್ಬಳೇ. ಮರದಿಂದ ಈ ಸಲ ಯಾವ ಉತ್ತರವೂ ಬರಲಿಲ್ಲ. ಬಂದ್ನಿ ಅನ್ನಲು ನನ್ನ ಬಾಯಿ ತೆರೆದಿತ್ತು. ಎರಡೂ ಕೈಯಿಂದ ಅದನ್ನು ಮುಚ್ಚಿಕೊಂಡು, ಖಾಲಿ ಜಾಳಿಯ ಬಾಗಿಲಲ್ಲಿ ನಿಂತುಕೊಂಡೆ.