ಯುವರಾಜನ ಇಲಿಗಳು

ಬಾಳಮ್ಮ ಬಾಗಲಕೋಟೆಯ ಒಂದು ಮೆಡಿಕಲ್ ಕಾಲೇಜಿನಲ್ಲಿ ಪ್ರಯೋಗದ ಇಲಿಗಳನ್ನು ನೋಡಿಕೊಳ್ಳುವವಳು. ಗಂಡ ಸತ್ತ ಮೇಲೆ ಕಸ ಗುಡಿಸಲು ಸೇರಿದ್ದಳು. ಇಲಿಗಳ ಕೋಣೆಯ ವಾಸನೆಗೆ ಯಾರೂ ನಿಲ್ಲದಾದಾಗ ಅವಳನ್ನು ಅಲ್ಲಿಗೆ ಹಾಕಿದರು. ತನ್ನೂರು ಕಮತಗಿಯಿಂದ ಬೆಳಗಿನ ಬಸ್ಸಿಗೆ ಬಂದು ಪಂಜರ ತೊಳೆಯುವಳು, ಭತ್ತದ ಹೊಟ್ಟು ಹಾಸುವಳು, ನೀರಿನ ಬಾಟಲಿ ತುಂಬುವಳು. ಪ್ರಯೋಗ ಮುಗಿದ ಇಲಿಗಳನ್ನು ಗ್ಯಾಸಿನ ಪೆಟ್ಟಿಗೆಗೆ ಹಾಕುವುದೂ ಅವಳ ಪಾಲಿಗೇ ಬರುತ್ತಿತ್ತು. ಊರಲ್ಲಿ ಯಾರಾದರೂ ಕೇಳಿದರೆ "ದವಾಖಾನ್ಯಾಗ ಕೆಲಸ" ಎಂದಷ್ಟೇ ಹೇಳುತ್ತಿದ್ದಳು.

ಮಗಳು ನಾಗರತ್ನಾಳನ್ನು ರಾಮಥಾಳಕ್ಕೆ ಕೊಟ್ಟಿತ್ತು. ಅವಳ ಕೂಸು ಯುವರಾಜ ಎದೆಹಾಲು ಬಿಟ್ಟ ಮೇಲೆ ಸೊರಗುತ್ತ ಬಂದ. ಭೇದಿ ನಿಂತಂತಾಗಿ ಮತ್ತೆ ಶುರುವಾಗುತ್ತಿತ್ತು. ಬಾಳಮ್ಮನೇ ಹಟ ಹಿಡಿದು ಕಾಲೇಜಿನ ಮಕ್ಕಳ ವಾರ್ಡಿಗೆ ಸೇರಿಸಿದಳು. ಅಲ್ಲಿಗೆ ಸಂಶೋಧನೆಯ ದಾನೇಶ್ವರಿ ಮೇಡಂ ಬಂದು ಕೂಸಿನ ಮಲ ಬೇಕೆಂದರು.

"ಅದನ್ನ ತಗೊಂಡು ಏನ್ ಮಾಡ್ತೀರ್ರಿ?" ನಾಗರತ್ನಾ ಕೇಳಿದಳು.

"ಹೊಟ್ಟ್ಯಾಗ ಕಣ್ಣಿಗೆ ಕಾಣದಂಥ ಜೀವಿಗಳು ಇರ್ತಾವವ್ವಾ. ಉಂಡದ್ದು ಅರಗಾಕ ಅವು ಬೇಕು. ಇಂಥ ಮಕ್ಕಳ ಹೊಟ್ಟ್ಯಾಗ ಅವು ಸರಿಯಾಗಿ ಬೆಳೆದಿರಂಗಿಲ್ಲ. ಇಲಿಗೆ ಕೊಟ್ಟು ನೋಡ್ತೀವಿ. ನಿನ್ನ ಕೂಸಿಗೇ ಉಪಯೋಗ ಆಗ್ತೈತಿ ಅಂತ ನಾ ಹೇಳಂಗಿಲ್ಲ."

"ಕೊಡು. ಇಲಿ ನಾನ ನೋಡ್ಕೋತೇನಿ" ಎಂದಳು ಬಾಳಮ್ಮ.

ಯುವರಾಜ ಉಳಿಯಲಿಲ್ಲ. ಮೊದಲ ಮಳೆಗೆ ಬಂದ ನೆಗಡಿ ಎದೆಗಿಳಿಯಿತು. ರಾಮಥಾಳದಲ್ಲಿ ಹೂಳಿ ಬಂದು ಬಾಳಮ್ಮ ಮತ್ತೆ ಕೆಲಸಕ್ಕೆ ಹಾಜರಾದಳು. ನಾಗರತ್ನಾ ಅವಳ ಜೊತೆ ತವರಿಗೆ ಬಂದು ಅಲ್ಲೇ ಉಳಿದಳು.

ಅಷ್ಟರಲ್ಲಿ ಇಲಿಗಳಿಗೆ ಔಷಧಿ ಕೊಟ್ಟು ಅವುಗಳ ಹೊಟ್ಟೆಯ ಜೀವಿಗಳನ್ನು ಬಹುಪಾಲು ತೆಗೆದು, ಮಕ್ಕಳ ಹೊಟ್ಟೆಯವನ್ನು ಸೇರಿಸಿಯಾಗಿತ್ತು. ಎಲ್ಲ ಪಂಜರಕ್ಕೂ ಒಂದೇ ಅಳತೆಯ ಆಹಾರ. ಗಟ್ಟಿ ಮಕ್ಕಳ ಜೀವಿಗಳಿದ್ದ ಇಲಿಗಳು ಬೆಳೆದವು. ಕಿಟಕಿಯ ಕಡೆಯ ಪಂಜರದವು ಮಾತ್ರ ಬೆನ್ನು ಬಾಗಿಸಿ ಮೂಲೆಯಲ್ಲಿ ಮುದುಡಿರುತ್ತಿದ್ದವು.

"ಇವು ನಮ್ಮ ಹುಡುಗನ್ವೇನ್ರಿ?" ಬಾಳಮ್ಮ ಕೇಳಿದಳು.

"ಹೆಸರು ಹೇಳಬಾರದು ಬಾಳಮ್ಮ" ಎಂದ ಮೇಡಂ ಅವಳ ಮುಖ ನೋಡಿ "ಹೌದು" ಎಂದರು.

ಮರುದಿನದಿಂದ ಬಾಳಮ್ಮ ಸೆರಗಿನಲ್ಲಿ ಶೇಂಗಾ ಪುಡಿ ಕಟ್ಟಿಕೊಂಡು ಬಂದಳು. ತಪ್ಪೆಂದು ಗೊತ್ತಿತ್ತು. ಆ ಸಣ್ಣ ಬಾಯಿಗಳು ಅವಸರದಿಂದ ಮೆಲ್ಲುವುದನ್ನು ನೋಡಿದ ಮೇಲೆ ಬಿಡಲು ಆಗಲಿಲ್ಲ. ಇಲಿಗಳ ಮೈಗೆ ಹೊಳಪು ಬಂತು, ತೂಕ ಏರಿತು. ಮೇಡಂಗೆ ಮೊದಲು ಆಶ್ಚರ್ಯ, ಆಮೇಲೆ ಸಂತೋಷ. ಪಂಜರದಲ್ಲಿ ಹಾಸಿದ ಹೊಟ್ಟಿನೊಳಗೆ ಶೇಂಗಾದ ಕೆಂಪು ಸಿಪ್ಪೆ ಕಂಡ ದಿನ ಅವರು ಅದನ್ನು ಎತ್ತಿ ಹಿಡಿದರು.

"ಏನ್ ಮಾಡಿದ್ರಿ ಬಾಳಮ್ಮ?"

"ಹಸದಿದ್ದವ್ರಿ."

ಮೇಡಂ ಸ್ಟೂಲಿನ ಮೇಲೆ ಕುಳಿತರು. ಬೈಯಲಿಲ್ಲ. ಈ ಪಂಜರದಿಂದ ಇನ್ನು ಏನೂ ತಿಳಿಯುವುದಿಲ್ಲ, ಮತ್ತೆ ಮೊದಲಿನಿಂದ ಮಾಡಲು ಕೂಸಿನ ಮಲವೂ ಉಳಿದಿಲ್ಲ ಎಂದರು. ಕಾಲೇಜಿನ ದೊಡ್ಡ ಡಾಕ್ಟರು ಹೇಗೂ ಇನ್ನು ಇಲಿ ಬೇಡ ಎನ್ನುತ್ತಿದ್ದಾರಂತೆ. ಹಂದಿಯ ಕರುಳು ಮನುಷ್ಯರದಕ್ಕೆ ಹತ್ತಿರವಂತೆ, ಈಗ ಎಲ್ಲ ಕಡೆ ಅದನ್ನೇ ಕೇಳುತ್ತಾರಂತೆ.

"ಇವನ್ನ ಮನಿಗೆ ಒಯ್ಯಲೇನ್ರಿ?"

"ಆಗಂಗಿಲ್ಲ. ಹೊರಗ ಬಿಡಂಗಿಲ್ಲ. ಪೆಟ್ಟಿಗಿಗೆ ಹಾಕಾಕ ಬ್ಯಾರೆಯವರಿಗೆ ಹೇಳ್ಲೇನು?"

"ಬ್ಯಾಡ್ರಿ, ನಾನ ಹಾಕ್ತೇನಿ."

ಬೇರೆಯವರು ಬಾಲ ಹಿಡಿದು ಎತ್ತುತ್ತಾರೆಂದು ಅವಳಿಗೆ ಗೊತ್ತಿತ್ತು. ಒಂದೊಂದನ್ನೇ ಅಂಗೈಯಲ್ಲಿ ಹಿಡಿದು ಪೆಟ್ಟಿಗೆಗೆ ಬಿಟ್ಟಳು. ಅಂಜದ ಇಲಿಗಳು ಅವಳ ಬೆರಳು ಮೂಸುತ್ತಲೇ ಇದ್ದವು.

ಮನೆಗೆ ಬಂದು ಮಗಳಿಗೆ ಎಲ್ಲ ಹೇಳಿದಳು. ಕೂಸು ಕೊಟ್ಟುಹೋದದ್ದು ತನ್ನ ಕೈಯಿಂದಲೇ ಹಾಳಾಯಿತೆಂದಳು.

"ತಿಂದ್ವಾ ಅವು?" ನಾಗರತ್ನಾ ಕೇಳಿದಳು.

"ತಿಂದ್ವು."

"ಹೊಟ್ಟಿ ತುಂಬ?"

"ತುಂಬ ತಿಂದ್ವವ್ವಾ."

ನಾಗರತ್ನಾ ಗೋಡೆಯ ಕಡೆ ತಿರುಗಿ ಮಲಗಿದಳು. ಆ ವಾರವೇ ಗಂಡನ ಮನೆಗೆ ಹೋದಳು. ಕಾಲೇಜಿನ ಹಿತ್ತಲಲ್ಲಿ ಹಂದಿಮರಿಗಳಿಗೆ ಶೆಡ್ಡು ಏಳುತ್ತಿದ್ದಾಗ ಬಾಳಮ್ಮ ತನ್ನನ್ನು ಮತ್ತೆ ಕಸ ಗುಡಿಸಲು ಹಾಕಿರೆಂದು ಕೇಳಿಕೊಂಡಳು. ಈಗ ಹೊರರೋಗಿಗಳ ವರಾಂಡ ಗುಡಿಸುತ್ತಾಳೆ. ಮಕ್ಕಳ ವಾರ್ಡಿನ ಮೆಟ್ಟಿಲು ಮಾತ್ರ ಬೇರೆಯವರು ಗುಡಿಸುತ್ತಾರೆ.