ಬಾಣಂತಿ ಕೋಣೆಯ ಕೆಂಡ

ಪಟಮಟದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕನ್ನಡದವರ ಮನೆಗಳು ಎರಡೇ. ಕೆಳಗೆ ಹಾವೇರಿ ಕಡೆಯ ಅನ್ನಪೂರ್ಣಮ್ಮ, ಮೇಲೆ ಮೈಸೂರಿನ ನಾನು. ಇಬ್ಬರ ಗಂಡಂದಿರೂ ಬ್ಯಾಂಕಿನವರು, ವರ್ಗವಾಗಿ ವಿಜಯವಾಡಕ್ಕೆ ಬಂದವರು. ಅನ್ನಪೂರ್ಣಮ್ಮನದು ತವರಿನಲ್ಲಿ ಏಳು ಬಾಣಂತನ ಮಾಡಿದ ಕೈ. ಅದನ್ನು ಹೇಳಿಕೊಳ್ಳುವಾಗ ಸ್ವಲ್ಪ ಜಂಬವೂ ಇರುತ್ತಿತ್ತು, ನಾನು ರೇಗಿಸುತ್ತಿದ್ದೆ.

೨೦೦೪ರ ಜನವರಿಯಲ್ಲಿ ಅವರ ಒಬ್ಬಳೇ ಮಗಳು ಧನ್ಯಾ ಇಲ್ಲೇ ಹೆತ್ತಳು. ಹೆಣ್ಣುಕೂಸು. ಅಳಿಯ ಶ್ರೇಯಸ್‌ಗೆ ವಿಶಾಖಪಟ್ಟಣದ ಹತ್ತಿರ ಪರವಾಡದಲ್ಲಿ ಔಷಧ ಕಂಪನಿಯ ಕೆಲಸ. ಅನ್ನಪೂರ್ಣಮ್ಮ ಬಾಣಂತಿ ಕೋಣೆಯ ಕಿಟಕಿ ಮುಚ್ಚಿ, ವೆಂಟಿಲೇಟರಿಗೆ ಪೇಪರ್ ತುರುಕಿ, ಬಾಗಿಲ ಸಂದಿಗೆ ಹಳೆ ಸೀರೆ ಒತ್ತಿ, ಮಂಚದ ಕೆಳಗೆ ಇದ್ದಿಲ ಕೆಂಡದ ಅಗ್ಗಿಷ್ಟಿಕೆ ಇಟ್ಟರು. ಊರಿನ ಹೆಂಚಿನ ಮನೆಯಲ್ಲಿ ಹೊಗೆಗೆ ನೂರು ದಾರಿ. ಈ ಕಾಂಕ್ರೀಟ್ ಡಬ್ಬಿಯಲ್ಲಿ ಒಂದೂ ಇರಲಿಲ್ಲ. ಅದು ನಮಗ್ಯಾರಿಗೂ ಹೊಳೆಯಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ನೀರು ಹಾಕಿಸಿಕೊಂಡು ಮಲಗಿದ ಧನ್ಯಾ, "ಯವ್ವಾ, ತಲಿ ಸಿಡ್ಯಾಕತ್ತೈತಿ. ಕಿಟಕಿ ತಗೀ," ಎಂದಳು. ನಾನೂ ಅಲ್ಲಿದ್ದೆ.

"ಥಂಡಿ ಗಾಳಿ ಹೊಕ್ಕೈತವ್ವಾ. ಬೆವತ್ರ ಹೋಗ್ತೈತಿ," ಎಂದು ಅನ್ನಪೂರ್ಣಮ್ಮ ಇನ್ನಷ್ಟು ಕೆಂಡ ಹಾಕಿದರು. ಕೂಸನ್ನು ಎಳೆಬಿಸಿಲಿಗೆಂದು ಎತ್ತಿಕೊಂಡು ಬಾಗಿಲೆಳೆದರು. ಗಂಟೆ ಬಿಟ್ಟು ಹೋಗಿ ಎಬ್ಬಿಸಿದರೆ ಧನ್ಯಾ ಏಳಲಿಲ್ಲ.

ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಹುಟ್ಟುವ ವಿಷಾನಿಲ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದು ಡಾಕ್ಟರು ಅವರ ಗಂಡ ಅಣ್ಣಪ್ಪನವರಿಗೆ ಹೇಳಿದ್ದರಂತೆ. ಹೆಂಡತಿಯ ಮುಖ ನೋಡಿ ಅವರು ಅಳಿಯನಿಗೂ ನಮಗೂ ಹೃದಯಾಘಾತ ಎಂದರು; ನಿಜ ಗಂಡ ಹೆಂಡತಿ ಇಬ್ಬರಲ್ಲೇ ಉಳಿಯಿತು. ಕೂಸು ಅಜ್ಜಿಯ ಬಳಿ ಉಳಿಯಿತು. ಅದಕ್ಕಾಗಿಯೇ ಅನ್ನಪೂರ್ಣಮ್ಮ ಬದುಕಿದ್ದರು.

ಡಿಸೆಂಬರಿನಲ್ಲಿ ನನ್ನ ಮಗಳು ತೃಪ್ತಿ ಹೆತ್ತಳು. ನಾನೂ ಕೋಣೆ ಮುಚ್ಚಿ ಕೆಂಡವಿಟ್ಟೆ. ಧನ್ಯಾ ಹೋದ ಮೇಲೆ ಅನ್ನಪೂರ್ಣಮ್ಮ ಬಾಣಂತಿ ನೋಡಲು ಮೇಲೆ ಬಂದಿರಲಿಲ್ಲ. ಒಂದು ಭಾನುವಾರ ತನ್ನ ಕೂಸನ್ನು ನೋಡಲು ಬಂದಿದ್ದ ಶ್ರೇಯಸ್‌ನನ್ನೂ ಅನ್ನಪೂರ್ಣಮ್ಮನನ್ನೂ ಊಟಕ್ಕೆ ಕರೆದಿದ್ದೆ. ಬಡಿಸುತ್ತಾ, "ತೃಪ್ತಿಗ್ಯಾಕೋ ಬೆಳಿಗ್ಗೆಯಿಂದ ತಲೆನೋವು," ಎಂದೆ.

ಅನ್ನಪೂರ್ಣಮ್ಮ ಎಲೆ ಬಿಟ್ಟು ಓಡಿದರು. ಕಿಟಕಿ ತೆರೆದು, ತೃಪ್ತಿಯನ್ನೂ ಮಗುವನ್ನೂ ಹೊರಗೆ ತಂದು, ಅಗ್ಗಿಷ್ಟಿಕೆಯನ್ನು ಬಾಲ್ಕನಿಗೆ ಎಳೆದುಹಾಕಿದರು. ನನಗೆ ಸಿಟ್ಟು ನೆತ್ತಿಗೇರಿತು. "ಬಾಣಂತಿಗೆ ಗಾಳಿ ತಾಗುತ್ತೆ, ನಿಮಗೇನು ತಿಳಿಯಲ್ವೇನ್ರೀ," ಎಂದು ಕಿಟಕಿಗೆ ಕೈ ಹಾಕಿದೆ.

ಅವರು ಒಮ್ಮೆ ಅಳಿಯನ ಕಡೆ ನೋಡಿದರು. "ಮುಚ್ಚಬ್ಯಾಡ್ರಿ. ನನ್ನ ಧನ್ಯಾಗ ಹಾರ್ಟ್ ಅಟ್ಯಾಕ್ ಆಗಿರ್ಲಿಲ್ರೀ. ಇಂಥಾದ ಕೆಂಡಕ್ಕ ಸತ್ತಾಳ. ಕಿಟಕಿ ತಗೀ ಅಂದ್ಲು, ನಾನ ತಗೀಲಿಲ್ಲ."

ಮರುದಿನವೇ ಶ್ರೇಯಸ್ ಮಗಳನ್ನು ಕರೆದೊಯ್ದ. ಅಣ್ಣಪ್ಪನವರು ಕೈಮುಗಿದು ಬೇಡಿಕೊಂಡರು. ಅನ್ನಪೂರ್ಣಮ್ಮ ಬೇಡಲಿಲ್ಲ, ಕೂಸಿನ ಬಟ್ಟೆ ಮಡಚಿ ಕೊಟ್ಟರು. ಅವನು ಇಂದಿಗೂ ಫೋನ್ ಎತ್ತುವುದಿಲ್ಲ. ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ, ಕ್ಷಮಿಸಲು ಮನಸ್ಸೂ ಬರುವುದಿಲ್ಲ.

ತೃಪ್ತಿಯ ಮಗುವಿಗೆ ವರ್ಷ ತುಂಬಿದ ದಿನ ಮೊದಲು ಅದನ್ನು ಒಯ್ದು ಅನ್ನಪೂರ್ಣಮ್ಮನ ಮಡಿಲಲ್ಲಿ ಹಾಕಿದೆ. ಬಹಳ ಹೊತ್ತು ಅದರ ತಲೆ ಸವರಿದರು.

"ನಮ್ಮ ಕೂಸಿಗೆ ಮುಂದಿನ ತಿಂಗಳಿಗೆ ಎರಡು ತುಂಬತಾವ್ರಿ," ಎಂದರು. "ಮಾತು ಬಂದಿರ್ತಾವ. ಅಜ್ಜಿ ಅನ್ನೋದೊಂದು ಯಾರೂ ಕಲಿಸಿರಂಗಿಲ್ಲ."